ಇರಬೇಕೋ ಬಿಡಬೇಕೋ: ಮಲೆನಾಡಿನ ಒಂದು ಕ್ರೈಸ್ತ ಸಭೆಯಿಂದ ಹೊರಬಂದ ಬಗೆ

ಕಳೆದ ತಿಂಗಳು ಬಿಡುಗಡೆ ಪತ್ರ ಕೈಗೆ ಬಂತು. ಈಗ ನಾನು ಯಾವ ಸಭೆಯ ಸಭಾಪಾಲಕನೂ (ಪಾಸ್ಟರ್) ಅಲ್ಲ. ಸುದ್ದಿ ಹರಡಿದ ಮೇಲೆ ಬೇರೆ ಬೇರೆ ಕಡೆಯ ಸೇವಕರು ಫೋನ್ ಮಾಡುತ್ತಿದ್ದಾರೆ. ಹೆಚ್ಚಿನವರು ರಾತ್ರಿ ಊಟ ಆದ ಮೇಲೆ, ದನಿ ತಗ್ಗಿಸಿ. ಮೊದಲು ಮಳೆ, ಮಕ್ಕಳ ಓದು ಎಲ್ಲ ವಿಚಾರಿಸುತ್ತಾರೆ. ಆಮೇಲೆ ಮೆಲ್ಲಗೆ, "ಅಲ್ಲ ಅಯ್ಯನವರೇ, ನೀವು ಹೆಂಗೆ ತೀರ್ಮಾನಕ್ಕೆ ಬಂದ್ರಿ? ನಂಗೂ ಯಾಕೋ ಸಾಕಾಗಿದೆ" ಅನ್ನುತ್ತಾರೆ. ಒಬ್ಬೊಬ್ಬರಿಗೂ ಅದೇ ಕಥೆ ಹೇಳುವುದಕ್ಕಿಂತ ಒಂದೇ ಸಲ ಬರೆದಿಡೋಣ ಅನ್ನಿಸಿತು.

ನಾನು ಬಿಟ್ಟೆ ಅಂತ ನೀವೂ ಬಿಡಿ ಎಂದು ಹೇಳುತ್ತಿಲ್ಲ. ನನ್ನ ಜೊತೆಗೇ ಇದೇ ಗೊಂದಲದಲ್ಲಿದ್ದ ಒಬ್ಬ ಗೆಳೆಯ ಹೆಚ್ಚು ಕಡಿಮೆ ಇದೇ ದಾರಿಯಲ್ಲಿ ಹೋಗಿ, ಕೊನೆಗೆ ತನ್ನ ಸಭೆಯಲ್ಲೇ ಉಳಿದ. ಮೊದಲಿಗಿಂತ ಗೆಲುವಾಗಿದ್ದಾನೆ. ಹಾಗಾಗಿ ಇದನ್ನು ಓದುವವರು ನನ್ನ ಉತ್ತರಕ್ಕಿಂತ ನಾನು ಕೇಳಿಕೊಂಡ ಪ್ರಶ್ನೆಗಳ ಕಡೆ ನೋಡಿ.

ಯಾವ ಸಭಾಪ್ರಾಂತ (ಒಬ್ಬ ಬಿಷಪ್ಪರ ಕೈಕೆಳಗಿನ ಸಭೆಗಳ ವಲಯ), ಯಾವ ಊರು ಅನ್ನುವುದು ಬೇಡ. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಪೇಟೆ ಎಂದಿಟ್ಟುಕೊಳ್ಳಿ. ಹೆಂಚಿನ ಹಳೇ ದೇವಾಲಯ, ಪಕ್ಕದಲ್ಲಿ ಸಭಾಪಾಲಕರ ಮನೆ, ಎಸ್ಟೇಟ್ ಕಡೆ ಉಪಸಭೆಗಳು. ತೋಟದ ಕೆಲಸದವರು, ನರ್ಸುಗಳು, ಕೆಲವರು ಟೀಚರುಗಳು, ಇಬ್ಬರು ಮೂವರು ಸ್ವಂತ ಅಡಿಕೆ ತೋಟ ಇರುವವರು. ವಯಸ್ಸಿಗೆ ಬಂದ ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ. ಕ್ರಿಸ್‌ಮಸ್‌ಗೆ ಮಾತ್ರ ಬೆಂಚು ತುಂಬುತ್ತದೆ.

ದೊಡ್ಡ ಜಗಳವೇನೂ ಆಗಲಿಲ್ಲ. ಎಲ್ಲರೂ ಮೊದಲು ಕೇಳುವುದು ಅದನ್ನೇ. ಇದ್ದದ್ದು ಸಣ್ಣ ಸಣ್ಣವು. ಸಮಾಧಿ ಭೂಮಿಯ ಒಂದು ಮೂಲೆ ಒತ್ತುವರಿ ಆಗಿದೆಯೋ ಇಲ್ಲವೋ ಎಂಬ ಚರ್ಚೆ ಪ್ರತಿ ಕಮಿಟಿಯಲ್ಲೂ. ಸಭಾಪ್ರಾಂತಕ್ಕೆ ಕಟ್ಟಬೇಕಾದ ಅಸೆಸ್‌ಮೆಂಟ್ ಬಾಕಿ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ಕಾಣಿಕೆ ಇಳಿಯಿತು. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಹಲಸಿನ ಹಣ್ಣಿಗೆ ಸಾವಿರ ಕೂಗುತ್ತಿದ್ದವರು ಸುಮ್ನೆ ಕೂತುಬಿಟ್ಟರು. ಕಾಣಿಕೆ ಇಳಿದರೆ ಸಂಬಳ ತಡ. ಸಂಬಳ ತಡವಾದರೆ ಮನೆ ನಡೆಯುವುದು ನನ್ನ ಹೆಂಡತಿಯ ನರ್ಸ್ ಸಂಬಳದಲ್ಲಿ.

ಇಷ್ಟೆಲ್ಲ ಯಾವ ಸಭೆಯಲ್ಲಿ ಇಲ್ಲ ಹೇಳಿ? ನಾನೂ ಹಾಗೇ ಅಂದುಕೊಂಡು ವರ್ಷಗಟ್ಟಲೆ ನಡೆಸಿದೆ. ಆಮೇಲೆ ಒಂದು ಮಳೆಗಾಲದ ಶುಕ್ರವಾರ ಸಂಜೆ ಫೋನ್ ಬಂತು. ಉಪಸಭೆಯ ಒಬ್ಬ ಅಜ್ಜ ತೀರಿಕೊಂಡಿದ್ದರು. ನನಗೆ ತುಂಬ ಬೇಕಾದವರು. ಫೋನ್ ಇಟ್ಟ ಕೂಡಲೇ ತಲೆಗೆ ಬಂದದ್ದು, "ಭಾನುವಾರದ ಕೆಲಸದ ಜೊತೆ ಇದೂ ಬಂತಲ್ಲ" ಅನ್ನೋದು. ದುಃಖ ಬರಲೇ ಇಲ್ಲ. ಮಾರನೇ ದಿನ ಜಾರುವ ಕೆಸರಿನಲ್ಲಿ ನಿಂತು "ಮಣ್ಣಿಗೆ ಮಣ್ಣು" ಓದುವಾಗಲೂ ಬರಲಿಲ್ಲ. ಅವತ್ತು ರಾತ್ರಿ ಹೆಂಡತಿಗೆ ಹೇಳಿದೆ, "ನಾನು ಬಿಟ್ಟುಬಿಡ್ತೀನಿ."

ಅವಳು ಬೇಡ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ. "ಮೊದಲು ರಕ್ತ ಪರೀಕ್ಷೆ ಮಾಡಿಸಿ ರೀ" ಅಂದಳು.

ನಗಬೇಡಿ. ಈ ಬರಹದಲ್ಲಿ ಒಂದೇ ಸಲಹೆ ತೆಗೆದುಕೊಳ್ಳುವುದಾದರೆ ಇದನ್ನೇ ತಗೊಳ್ಳಿ. ಶಿವಮೊಗ್ಗಕ್ಕೆ ಹೋಗಿ ಪರೀಕ್ಷೆ ಮಾಡಿಸಿದರೆ ಬಿ12 ಪಾತಾಳದಲ್ಲಿತ್ತು, ಬಿಪಿ ಮೇಲಿತ್ತು. ಡಾಕ್ಟರು ಮನೋವೈದ್ಯರ ಹತ್ತಿರವೂ ಕಳಿಸಿದರು. ಅಲ್ಲಿ ಹೊರಗಿನ ಬೆಂಚಿನ ಮೇಲೆ ಕೂತಾಗ, ಸಭೆಯವರು ಯಾರಾದರೂ ನೋಡಿಯಾರು ಅಂತ ಪೇಪರ್ ಅಡ್ಡ ಹಿಡಿದುಕೊಂಡಿದ್ದೆ. ಮನೋವೈದ್ಯರು ನಿದ್ದೆ ಎಷ್ಟು, ಊಟ ಎಷ್ಟು ಹೊತ್ತಿಗೆ, ವಾರದಲ್ಲಿ ರಜೆ ಯಾವತ್ತು ಅಂತ ಕೇಳಿದರು. ಸೋಮವಾರ ಅಂದೆ. "ಹೋದ ಸೋಮವಾರ ಏನು ಮಾಡಿದ್ರಿ?" ಅಂದರು. ಮಣಿಪಾಲಕ್ಕೆ ಒಬ್ಬ ರೋಗಿಯನ್ನು ಕರೆದುಕೊಂಡು ಹೋಗಿದ್ದೆ.

ಇದು ಬೈಬಲಿನಲ್ಲೇ ಇದೆ. ಮೊದಲನೇ ಅರಸುಗಳ 19ನೇ ಅಧ್ಯಾಯದಲ್ಲಿ ಎಲೀಯ ಜಾಲಿ ಗಿಡದ ಕೆಳಗೆ ಬಿದ್ದುಕೊಂಡು ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ದೇವರನ್ನು ಕೇಳುತ್ತಾನೆ. ದೇವದೂತ ಅವನಿಗೆ ಪ್ರಸಂಗ (ಉಪದೇಶ) ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ನೀರು ಕೊಟ್ಟು, ಎದ್ದು ತಿನ್ನು ಅನ್ನುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. "ಇಲ್ಲೇನು ಮಾಡುತ್ತಿದ್ದೀ?" ಎಂಬ ಪ್ರಶ್ನೆ ಬರುವುದು ಅದೆಲ್ಲ ಆದ ಮೇಲೆ, ಹೋರೇಬ್ ಬೆಟ್ಟದಲ್ಲಿ. ಈ ಭಾಗದ ಮೇಲೆ ಎಷ್ಟೋ ಸಲ ಪ್ರಸಂಗ ಮಾಡಿದ್ದೆ, ರೊಟ್ಟಿಯ ಮೇಲೆ ಮಾಡಿರಲಿಲ್ಲ.

ಗುಳಿಗೆ, ಇಂಜೆಕ್ಷನ್, ನಿದ್ದೆ. ಎರಡು ಮೂರು ತಿಂಗಳಲ್ಲಿ ದೇಹ ಸರಿಯಾಯಿತು. ಬಿಡಬೇಕು ಅನ್ನುವ ಯೋಚನೆ ಮಾತ್ರ ಹೋಗಲಿಲ್ಲ. ಆದರೆ ಅದರ ದನಿ ಬದಲಾಗಿತ್ತು. ಮೊದಲು ಓಡಿಹೋಗು ಅನ್ನುತ್ತಿದ್ದದ್ದು ಈಗ ಸ್ವಲ್ಪ ಕೂತು ಮಾತಾಡೋಣ ಅನ್ನತೊಡಗಿತು. ನನ್ನ ಗೆಳೆಯನಿಗೆ ಈ ಹಂತದಲ್ಲೇ ಯೋಚನೆ ಹೊರಟುಹೋಯಿತು. ಅವನಿಗೆ ಬೇಕಾಗಿದ್ದದ್ದು ವಿಶ್ರಾಂತಿ ಅಷ್ಟೇ.

ಮುಂದಿನ ಕೆಲಸ ಏನನ್ನು ಬಿಡುತ್ತಿದ್ದೇನೆ ಅಂತ ಬಿಡಿಸಿ ನೋಡುವುದು. ಇದನ್ನೂ ಶುರುಮಾಡಿದ್ದು ಹೆಂಡತಿಯೇ. "ನಿಮಗೆ ಸಾಕಾಗಿರೋದು ಈ ಊರಾ, ಈ ಕೆಲಸಾನಾ, ದೇವರಾ?" ಮೂರೂ ಒಂದೇ ಗಂಟಾಗಿ ಬಿದ್ದಿತ್ತು ನನ್ನ ತಲೆಯಲ್ಲಿ. ಬಿಡಿಸಿದರೆ ನಾಲ್ಕು ಸಿಕ್ಕವು. ಈ ಸಭೆಯನ್ನು ಬಿಡುವುದು ಒಂದು. ಅದಕ್ಕೆ ವರ್ಗಾವಣೆ ಕೇಳಿದರೆ ಸಾಕು. ಸಭಾಪಾಲನೆ ಅನ್ನುವ ಕೆಲಸವನ್ನೇ ಬಿಡುವುದು ಇನ್ನೊಂದು. ಗುರುದೀಕ್ಷೆಯನ್ನೇ, ಅಂದರೆ ಸಭಾಪಾಲಕನಾಗಿ ಅಭಿಷೇಕ ಪಡೆದದ್ದನ್ನೇ, ಬಿಟ್ಟುಕೊಡುವುದು ಮೂರನೆಯದು. ನಂಬಿಕೆ ಕಳೆದುಕೊಳ್ಳುವುದು ನಾಲ್ಕನೆಯದು. ಬಿಷಪ್ಪರಿರುವ ಸಭೆಗಳಲ್ಲಿ ಹುದ್ದೆ ಬಿಟ್ಟ ಮಾತ್ರಕ್ಕೆ ದೀಕ್ಷೆ ಅಳಿಯುವುದಿಲ್ಲ. ಹೋಗುವುದು ನೇಮಕ ಮತ್ತು ಅನುಮತಿ ಮಾತ್ರ. ಇದು ಎಷ್ಟೋ ಸಭಿಕರಿಗೆ ಬಿಡಿ, ಸಭಾಪಾಲಕರಿಗೇ ಗೊತ್ತಿಲ್ಲ. ಬಿಟ್ಟರೆ ದೇವರಿಗೆ ಕೊಟ್ಟ ಮಾತು ಮುರಿದ ಹಾಗೆ ಅಂತ ಹೆದರಿ ಹೆದರಿ ಕೊಳೆಯುತ್ತಾರೆ. (ಕಥೋಲಿಕ ಗುರುಗಳ ದಾರಿಯೇ ಬೇರೆ. ಅವರಿಗೆ ಬ್ರಹ್ಮಚರ್ಯದ ಬಾಧ್ಯತೆಯಿಂದ ಬಿಡುಗಡೆ ಸಿಗುವುದು ಪೋಪರಿಂದಲೇ. ಸ್ವತಂತ್ರ ಸಭೆ ಕಟ್ಟಿಕೊಂಡವರದು ಇನ್ನೂ ಬೇರೆ. ಅಲ್ಲಿ ಕಟ್ಟಡ, ಟ್ರಸ್ಟು, ಬ್ಯಾಂಕ್ ಖಾತೆ ಯಾರ ಹೆಸರಲ್ಲಿದೆ ಅನ್ನುವುದರಿಂದ ಶುರುಮಾಡಬೇಕು.)

ನಂಬಿಕೆ ಹೋಗಿಲ್ಲ ಅನ್ನುವುದು ಬೇಗ ಖಾತ್ರಿಯಾಯಿತು. ಉಳಿದ ಮೂರು ಬಗೆಹರಿಯಲಿಲ್ಲ.

ಆಗ ಮಂಗಳೂರಿನ ಒಂದು ಕಥೋಲಿಕ ಧ್ಯಾನಕೇಂದ್ರಕ್ಕೆ ಹೋದೆ. ನಮ್ಮವರು ಯಾರಿಗೂ ಹೇಳಲಿಲ್ಲ. ಅಲ್ಲಿನ ಬಲ್ಮಠದಲ್ಲಿ ಬಿ.ಡಿ. (ದೇವಶಾಸ್ತ್ರದ ಪದವಿ) ಓದುವಾಗ ಪರಿಚಯವಾಗಿದ್ದ, ಯೇಸುಸಭೆ (ಜೆಸ್ಯೂಟ್) ಎಂಬ ಕಥೋಲಿಕ ಸಂಘದ ಒಬ್ಬ ವಯಸ್ಸಾದ ಫಾದರ್ ಬನ್ನಿ ಅಂದಿದ್ದರು. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯುವಾಗ ಮಿನಿ ಬಸ್ಸಿನಲ್ಲಿ ಪಕ್ಕದವರು ಪ್ಲಾಸ್ಟಿಕ್ ಕವರ್ ಹಿಡಿದು ಕೂತಿದ್ದರು. ಅವರಿಗಿಂತ ನನ್ನ ಹೊಟ್ಟೆ ಜಾಸ್ತಿ ತೊಳಸುತ್ತಿತ್ತು, ಬೇರೆ ಕಾರಣಕ್ಕೆ. ಖರ್ಚು ಕೇಳುವವರಿಗೆ: ರೂಮು, ಊಟಕ್ಕೆ ಅಂತ ಒಂದು ಮೊತ್ತ ಹೇಳುತ್ತಾರೆ, ಲಾಡ್ಜಿಗಿಂತ ಕಡಿಮೆ. ಕೈಲಾಗದವರಿಗೆ ಬಿಡುತ್ತಾರೆ. ಮೊದಲೇ ಫೋನ್ ಮಾಡಿ ಹೋಗಿ. ಮೊಬೈಲ್ ಕೊಟ್ಟುಬಿಡಬೇಕು, ಮಾತಾಡುವ ಹಾಗಿಲ್ಲ. ಮೊದಲ ದಿನ ಬರೀ ನಿದ್ದೆ ಮಾಡಿದೆ. ಯಾರೂ ಎಬ್ಬಿಸಲಿಲ್ಲ.

ಫಾದರ್ ದಿನಕ್ಕೊಂದು ಹೊತ್ತು ಮಾತ್ರ ಮಾತಿಗೆ ಸಿಗುತ್ತಿದ್ದರು. ಅವರು ಹೇಳಿದ್ದು ಅವರ ಸಭೆ ಕಟ್ಟಿದ ಲೊಯೋಲದ ಇಗ್ನೇಷಿಯಸರ ಕಥೆ. ಇಗ್ನೇಷಿಯಸ್ ಮೊದಲು ಯೋಧ. 1521ರಲ್ಲಿ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಹೊತ್ತು ಹೋಗದೆ ಹಗಲುಗನಸು ಕಾಣುತ್ತಿದ್ದರು. ಒಂದು ಕನಸು ಶೌರ್ಯದ್ದು, ದೊಡ್ಡ ಮನೆತನದ ಹೆಂಗಸಿನ ಮನಸ್ಸು ಗೆಲ್ಲುವುದು. ಇನ್ನೊಂದು, ಸಂತರ ಹಾಗೆ ಬದುಕುವುದು. ಕನಸು ಕಾಣುವಾಗ ಎರಡೂ ಖುಷಿಯೇ. ವ್ಯತ್ಯಾಸ ಕಂಡದ್ದು ಆಮೇಲೆ. ಮೊದಲನೆಯದು ಮುಗಿದ ಮೇಲೆ ಮನಸ್ಸು ಬರಡಾಗುತ್ತಿತ್ತು. ಎರಡನೆಯದು ಮುಗಿದ ಮೇಲೂ ಗೆಲುವು ಉಳಿಯುತ್ತಿತ್ತು. "ಅಷ್ಟೇ ಗುಟ್ಟು" ಅಂದರು ಫಾದರ್. "ಮಾಡುವಾಗ ಹೇಗನ್ನಿಸಿತು ಅಂತ ನೋಡಬೇಡಿ. ಮಾಡಿದ ಮೇಲೆ ಸಂಜೆಗೆ ಏನು ಉಳಿಯಿತು ನೋಡಿ. ಒಂದು ನೋಟ್‌ಬುಕ್ ಇಡಿ."

ಇನ್ನೊಂದು ನಿಯಮವನ್ನೂ ಹೇಳಿದರು. ಮನಸ್ಸು ಬರಡಾಗಿರುವ ಕಾಲದಲ್ಲಿ ಹಳೆಯ ತೀರ್ಮಾನವನ್ನು ಬದಲಿಸಬಾರದು. ಇಗ್ನೇಷಿಯಸ್ ಬರೆದಿಟ್ಟ ನಿಯಮವೇ ಇದು. ಕತ್ತಲಲ್ಲಿ ನಿಂತುಕೊಂಡು ರಾಜೀನಾಮೆ ಬರೆಯಬೇಡಿ, ಬೆಳಕಿನ ದಿನ ಬಂದಾಗಲೂ ಅದೇ ಅನ್ನಿಸಿದರೆ ಆಗ ಬರೆಯಿರಿ ಅಂದರು.

ವಾಪಸ್ಸು ಬಂದು ನೂರು ಪುಟದ ಒಂದು ನೋಟ್‌ಬುಕ್ ತಂದೆ. ರಾತ್ರಿ ಮಲಗುವ ಮುಂಚೆ ಎರಡೇ ಸಾಲು. ಇವತ್ತು ಏನಾಯಿತು, ಈಗ ಏನು ಉಳಿದಿದೆ. ಕೆಲವು ವಾರ ಏನೂ ಕಾಣಲಿಲ್ಲ. ಆಮೇಲೆ ತಿರುವಿ ಹಾಕಿದಾಗ ಎದೆ ಧಸಕ್ಕೆಂದಿತು. ಕಮಿಟಿ ಇದ್ದ ದಿನ ಬರಡು ಅನ್ನುವುದು ಗೊತ್ತಿದ್ದದ್ದೇ. ಆದರೆ ಕ್ರಿಸ್‌ಮಸ್ ಕ್ಯಾರಲ್ ಚೆನ್ನಾಗಿ ಆಗಿ ಎಲ್ಲರೂ ಕೈಕುಲುಕಿದ ದಿನವೂ ಬರಡು. ಒಳ್ಳೆಯ ಪ್ರಸಂಗ ಅಂತ ಹೊಗಳಿಸಿಕೊಂಡ ಭಾನುವಾರವೂ ಬರಡು. ಗೆಲುವು ಉಳಿದ ದಿನಗಳು ಯಾವುವು ಅಂದರೆ, ಕ್ಯಾನ್ಸರ್ ಆದ ಒಬ್ಬ ಹೆಂಗಸಿನ ಮನೆಯಲ್ಲಿ ಸುಮ್ನೆ ಕೂತು ಬಂದ ದಿನ. ಆಸ್ಪತ್ರೆಯ ವಾರ್ಡಿನಲ್ಲಿ ಯಾರದೋ ಮಗನಿಗೆ ಕಾಫಿ ಕುಡಿಸಿ, ಅಪ್ಪ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ್ದನ್ನು ಮತ್ತೊಮ್ಮೆ ಬಿಡಿಸಿ ಹೇಳಿದ ದಿನ. ಅವರು ನಮ್ಮ ಸಭೆಯವರೂ ಅಲ್ಲ. ಅವತ್ತಿನ ಸಾಲು: "ತುಂಬ ಸುಸ್ತು. ಆದ್ರೆ ಚೆನ್ನಾಗಿದೆ."

ಊರು ಬದಲಾಯಿಸಿದರೆ ಇದು ಸರಿಹೋಗುವುದಿಲ್ಲ ಅನ್ನುವುದು ಅಲ್ಲಿಗೆ ತಿಳಿಯಿತು. ಕಾಯಿಲೆಯವರ ಪಕ್ಕ ಕೂರುವುದಕ್ಕೆ ಸಭಾಪಾಲನೆಯಲ್ಲಿ ನನಗೆ ಸಿಗುತ್ತಿದ್ದದ್ದು ಉಳಿದ ಚೂರುಪಾರು ಹೊತ್ತು ಮಾತ್ರ.

ಆದರೂ ಒಬ್ಬನೇ ತೀರ್ಮಾನಿಸಲು ಧೈರ್ಯ ಬರಲಿಲ್ಲ. ಕ್ವೇಕರ್ ಎಂಬ ಕ್ರೈಸ್ತ ಪಂಗಡದವರಲ್ಲಿ ಒಂದು ಪದ್ಧತಿ ಇದೆ. ಗೊಂದಲದಲ್ಲಿರುವವನು ತಾನು ನಂಬುವ ಕೆಲವು ಜನರನ್ನು ಕೂರಿಸಿಕೊಳ್ಳುತ್ತಾನೆ. ಅವರು ಬುದ್ಧಿ ಹೇಳುವ ಹಾಗಿಲ್ಲ. ಬರೀ ಪ್ರಶ್ನೆ ಕೇಳಬೇಕು, ಉತ್ತರ ಗೊತ್ತಿಲ್ಲದೆ ಕೇಳುವ ನಿಜವಾದ ಪ್ರಶ್ನೆ. ಶಿವಮೊಗ್ಗದಲ್ಲಿ ಒಬ್ಬ ಗೆಳೆಯನ ಮನೆಯಲ್ಲಿ ಇದನ್ನು ಮಾಡಿದೆವು. ಒಬ್ಬರು ನಿವೃತ್ತ ಹೆಡ್‌ಮಿಸ್ಟ್ರೆಸ್, ಒಬ್ಬರು ಅಡಿಕೆ ಮಂಡಿಯ ಗುಮಾಸ್ತರು, ಇನ್ನೊಬ್ಬ ಆ ಉಳಿದುಕೊಂಡ ಗೆಳೆಯ. ಬುದ್ಧಿ ಹೇಳದೆ ಎರಡು ಗಂಟೆ ಕೂರುವುದು ಮಲೆನಾಡಿನವರಿಗೆ ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಮಂಡಿಯವರು ಪ್ರತಿ ಸಲ "ನಾನಾದ್ರೆ" ಅಂತ ಬಾಯಿ ತೆಗೆಯುವುದು, ಹೆಡ್‌ಮಿಸ್ಟ್ರೆಸ್ ಕಣ್ಣು ಬಿಡುವುದು, ಅವರು ಬಾಯಿ ಮುಚ್ಚುವುದು. ಕೊನೆಗೆ ಅವರೇ ಕೇಳಿದ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. "ಅಯ್ಯನವರೇ, ನಾಳೆ ಬೆಳಿಗ್ಗೆ ನಿಮ್ಮನ್ನ ಯಾರೂ ಅಯ್ಯನವರೇ ಅಂತ ಕರೆಯದಿದ್ರೆ ನಿಮಗೆ ಏನಾಗುತ್ತೆ?"

ಉತ್ತರ ಹೇಳಲಿಲ್ಲ. ಹೇಳಲು ಆಗಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಬರುವಾಗ ಎದೆ ಹಗುರವಾಗಿತ್ತು ಅನ್ನುವುದು ಮಾತ್ರ ನೋಟ್‌ಬುಕ್ಕಿನಲ್ಲಿದೆ.

ಉಳಿದದ್ದು ಅವ್ವ. ಅವ್ವ ಭದ್ರಾವತಿಯಲ್ಲಿದ್ದಾಳೆ. ಅಪ್ಪ ಎಂಪಿಎಂ ಕಾಗದ ಕಾರ್ಖಾನೆಯಲ್ಲಿದ್ದವರು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು, ಕಾಲೊನಿ ಖಾಲಿಯಾಗುತ್ತಾ ಬಂತು, ಅಲ್ಲಿನ ಸಭೆಯೂ ಸಣ್ಣದಾಯಿತು. ಅಪ್ಪ ಆಮೇಲೆ ಬಹಳ ದಿನ ಇರಲಿಲ್ಲ. ಅವ್ವನಿಗೆ ಉಳಿದ ಹೆಮ್ಮೆ ಅಂದರೆ ಮಗ ದೇವರ ಸೇವೆಯಲ್ಲಿದ್ದಾನೆ ಅನ್ನುವುದು. ಬೈಬಲಿನ ಹನ್ನಳು ಮಗ ಹುಟ್ಟಿದರೆ ದೇವರಿಗೇ ಕೊಡುತ್ತೇನೆ ಅಂತ ಹರಕೆ ಹೊತ್ತು ಸಮುವೇಲನನ್ನು ಪಡೆದ ಹಾಗೆ, ಮಕ್ಕಳಾಗದೆ ಹರಕೆ ಹೊತ್ತು ನನ್ನನ್ನು ಪಡೆದವಳು. ಅದನ್ನು ಊರಿಗೆಲ್ಲ ಹೇಳಿದ್ದಾಳೆ. ನಾನು ಬಿಟ್ಟರೆ ಅವಳ ಹರಕೆ ಮುರಿದ ಹಾಗೆ ಅಲ್ವಾ? ಬಿಷಪ್ಪರಿಗಿಂತ ಜಾಸ್ತಿ ನಾನು ಹೆದರುತ್ತಿದ್ದದ್ದು ಇವಳಿಗೆ.

ಹೋದಾಗ ಅವ್ವ ಕೈಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಸಭಾಪಾಲನೆ ಬಿಟ್ಟು ಆಸ್ಪತ್ರೆಯಲ್ಲಿ ಕೆಲಸ ನೋಡುತ್ತೇನೆ ಅಂತ ಹೇಳಿದೆ. ಅವಳು ಆರಿಸುವುದನ್ನು ನಿಲ್ಲಿಸಲಿಲ್ಲ. ಒಂದು ಕಲ್ಲು ತೆಗೆದು ಕಿಟಕಿಯಿಂದಾಚೆ ಬಿಸಾಕಿ, "ಹನ್ನಳು ಸಮುವೇಲನ್ನ ಬಿಟ್ಟು ಬಂದ ಮೇಲೆ ಏನು ಮಾಡಿದ್ಲು ಗೊತ್ತೇನೋ?" ಅಂದಳು. ನಾನು ಸುಮ್ಮನಿದ್ದೆ. "ವರ್ಷಕ್ಕೊಂದು ಅಂಗಿ ಹೊಲ್ಕೊಂಡು ಹೋಗ್ತಿದ್ಲು. ಅಷ್ಟೇ. ಒಳಗೆ ಏನು ಕೆಲಸ ಕೊಟ್ಟಿದಾರೆ ಅಂತ ಅಲ್ಲಿನ ಯಾಜಕ ಏಲಿಯನ್ನ ಕೇಳ್ಲಿಲ್ಲ." ಸ್ವಲ್ಪ ಹೊತ್ತಾದ ಮೇಲೆ, "ಸಂಬಳ ಬರುತ್ತಾ ಅಲ್ಲಿ?" ಅಂತ ಕೇಳಿದಳು. ಒಳಗೆ ಹೋಗಿ ಅತ್ತಳು ಅಂತ ಆಮೇಲೆ ತಂಗಿ ಹೇಳಿದಳು.

ಇನ್ನು ಕಾಗದಪತ್ರದ ಕಥೆ.

ಮೊದಲು ಬಿಷಪ್ಪರನ್ನು ಬಾಯಿಮಾತಿನಲ್ಲಿ ಕಾಣಬೇಕು, ಪತ್ರ ಆಮೇಲೆ. ಪತ್ರ ಮೊದಲು ಹೋದರೆ ಆಫೀಸಿನ ಮೂರು ಟೇಬಲ್ ದಾಟುವಷ್ಟರಲ್ಲಿ ಜಿಲ್ಲೆಗೆಲ್ಲ ಗೊತ್ತಾಗುತ್ತದೆ. ಬಿಷಪ್ಪರು ಒಳ್ಳೆಯ ರೀತಿಯಲ್ಲೇ ಮಾತಾಡಿದರು. ಬೇರೆ ಸಭೆ ಕೊಡುತ್ತೇನೆ, ದೊಡ್ಡದು, ಯೋಚನೆ ಮಾಡಿ ಅಂದರು. ಆಸೆ ಆಗಲಿಲ್ಲ ಅಂದರೆ ಸುಳ್ಳು. ಫಾದರ್ ಹೇಳಿಕೊಟ್ಟಿದ್ದ ಉಪಾಯ ಮಾಡಿದೆ. ಒಂದು ವಾರ ಒಪ್ಪಿಕೊಂಡವನ ಹಾಗೇ ಇರುವುದು, ಮುಂದಿನ ವಾರ ಬಿಟ್ಟವನ ಹಾಗೆ. ಮೊದಲ ವಾರದ ಸಾಲುಗಳಲ್ಲಿ ದೊಡ್ಡ ದೇವಾಲಯ, ಮೈಕು, ಕಾರು ಇದ್ದವು. ಎರಡನೇ ವಾರದಲ್ಲಿ ಜನರ ಹೆಸರುಗಳಿದ್ದವು. ಅದಾದ ಮೇಲೆ ಒಂದು ಬಿಸಿಲಿನ ಬೆಳಿಗ್ಗೆ, ಮನಸ್ಸು ಚೆನ್ನಾಗಿದ್ದಾಗಲೇ, ಪತ್ರ ಬರೆದೆ.

ಪತ್ರದಲ್ಲಿ ಒಂದು ವಾಕ್ಯ ಸ್ಪಷ್ಟವಾಗಿರಲಿ: ಹುದ್ದೆಗೆ ರಾಜೀನಾಮೆ ಕೊಡುತ್ತಿದ್ದೇನೆ, ದೀಕ್ಷೆಯನ್ನು ಬಿಟ್ಟುಕೊಡುತ್ತಿಲ್ಲ. ಸುಮ್ನೆ "ಸೇವೆಯಿಂದ ಬಿಡುಗಡೆ ಮಾಡಿ" ಅಂತ ಬರೆದರೆ ಎರಡು ಅರ್ಥ ಬರುತ್ತದೆ. ದೂರು, ಬೇಸರ, ಯಾರ ಹೆಸರೂ ಬೇಡ. ಅರ್ಧ ಪುಟ ಸಾಕು. ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ನಮ್ಮಲ್ಲಿ ಮೂರು ತಿಂಗಳ ನೋಟಿಸು. ವರ್ಗಾವಣೆಗಳು ಏಪ್ರಿಲ್ ಮೇ ತಿಂಗಳಲ್ಲಿ ಆಗುವುದರಿಂದ ಜನವರಿಗೆ ಕೊಟ್ಟರೆ ಸಭೆಗೂ ಅನುಕೂಲ. ನನ್ನ ಮಗಳದ್ದು ಎಸ್ಸೆಸ್ಸೆಲ್ಸಿ ವರ್ಷ. ಪರೀಕ್ಷೆ ಮುಗಿಯುವವರೆಗೆ ಮನೆ ಖಾಲಿ ಮಾಡಿಸಬೇಡಿ ಅನ್ನುವುದನ್ನೂ ಪತ್ರದಲ್ಲೇ ಬರೆದಿದ್ದೆ. ಹುದ್ದೆ ಹೋದರೆ ತಲೆ ಮೇಲಿನ ಸೂರೂ ಹೋಗುತ್ತದೆ, ನಮ್ಮ ಕೆಲಸದ ವಿಶೇಷ ಅದು. ಇದನ್ನು ಯೋಚಿಸದೆ ಯಾರೂ ಪತ್ರ ಕೊಡಬೇಡಿ.

ಪತ್ರ ಕೊಟ್ಟ ಮೇಲೆ ಮೌನ. ಫೋನ್ ಮಾಡಿದರೆ "ಮುಂದಿನ ಕಮಿಟಿಯಲ್ಲಿ ಇಡ್ತೀವಿ." ಮುಂದಿನ ಕಮಿಟಿ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಪೇಟೆಯಲ್ಲಿ ಸುದ್ದಿ: ಕಾಣಿಕೆ ದುಡ್ಡಿನದ್ದು ಏನೋ ಗಲಾಟೆಯಂತೆ. ಹೆಂಡತಿ ತರಕಾರಿ ಅಂಗಡಿಯಲ್ಲಿ ಕೇಳಿಸಿಕೊಂಡು ಬಂದಳು. ಅವತ್ತೇ ಸಭಾ ಕಾರ್ಯದರ್ಶಿ ಹತ್ತಿರ ಹೋಗಿ, ಆ ಭಾನುವಾರ ಆರಾಧನೆ ಮುಗಿದ ಮೇಲೆ ರಾಜೀನಾಮೆ ಪತ್ರವನ್ನು ನಾನೇ ಓದಿ ಹೇಳಿದೆ. ಜೊತೆಗೆ ಆ ವರ್ಷದ ಲೆಕ್ಕ ಆಡಿಟ್ ಆಗಿದೆ ಅನ್ನುವುದನ್ನೂ ಖಜಾಂಚಿಯ ಬಾಯಲ್ಲೇ ಹೇಳಿಸಿದೆ. ಬಾಯಿಗಳು ಅಲ್ಲಿಗೆ ಮುಚ್ಚಿದವು, ಹೆಚ್ಚು ಕಡಿಮೆ.

ರಿಜಿಸ್ಟರುಗಳನ್ನು ಒಪ್ಪಿಸುವುದು ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡಿದ್ದೆ, ಹಾಗಲ್ಲ. ದೀಕ್ಷಾಸ್ನಾನ (ಬ್ಯಾಪ್ಟಿಸಂ), ದೃಢೀಕರಣ (ಬೆಳೆದವರನ್ನು ಸಭೆಯ ಪೂರ್ಣ ಸದಸ್ಯರಾಗಿ ಸೇರಿಸುವುದು), ಮದುವೆ, ಸಮಾಧಿ, ಎಲ್ಲಕ್ಕೂ ಬೇರೆ ಬೇರೆ. ಮದುವೆಯದ್ದು 1872ರ ಕ್ರೈಸ್ತ ವಿವಾಹ ಕಾಯ್ದೆಯಡಿ ಇಡುವ ಕಾನೂನಿನ ದಾಖಲೆ. ಬಳಸಿದ ಹಾಳೆ, ಖಾಲಿ ಹಾಳೆ ಎಣಿಸಿ ಕೊಡಬೇಕು. ದೀಕ್ಷಾಸ್ನಾನದ ಹಳೇ ಪುಸ್ತಕಕ್ಕೆ ಚರ್ಮದ ರಟ್ಟು, ಬೆನ್ನು ಬಿಟ್ಟುಕೊಂಡಿದೆ. ಮಸಿ ಕಂದಾಗಿದೆ. ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಚರ್ ಅನ್ನುತ್ತವೆ. ತಂದೆಯ ಕಸುಬು ಅನ್ನುವ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಕೂಲಿ, ಕೂಲಿ, ಬಟ್ಲರ್, ಕೂಲಿ. ಅದರ ನಡುವೆ ಕೆಲವು ಹಾಳೆ ಕಿತ್ತುಹೋಗಿವೆ. ಅದಕ್ಕೂ ನಾನೇ ಸಹಿ ಹಾಕಬೇಕು ಅಂತ ಒಬ್ಬ ಕಮಿಟಿ ಸದಸ್ಯರು ಹಟ ಹಿಡಿದರು. ಪುಣ್ಯಕ್ಕೆ ನಾನು ಅಧಿಕಾರ ವಹಿಸಿಕೊಂಡ ದಿನ ಕಿತ್ತುಹೋದ ಪುಟಗಳ ನಂಬರ್ ಬರೆದು, ಹಿಂದಿನವರ ಸಹಿ ಹಾಕಿಸಿಕೊಂಡ ಕಾಗದ ನನ್ನ ಹತ್ತಿರ ಇತ್ತು. ಈಗ ತಾನೇ ಹೊಸ ಸಭೆಗೆ ಹೋಗುತ್ತಿರುವ ತಮ್ಮಂದಿರೇ, ಬಿಡುವ ದಿನದ ಕೆಲಸ ಸೇರುವ ದಿನವೇ ಶುರುವಾಗುತ್ತದೆ.

ಪಿಎಫ್ ಇನ್ನೊಂದು ತಮಾಷೆ. ಎಷ್ಟೋ ಸಭೆಗಳಲ್ಲಿ ಪಿಎಫ್ ಇಲ್ಲ, ನಮ್ಮಲ್ಲಿತ್ತು, ಅದಕ್ಕೆ ಋಣಿ. ಆದರೆ ಸೇರಿಸುವಾಗ ಯಾರೋ "ರೆವರೆಂಡ್" ಅನ್ನುವುದನ್ನೂ ನನ್ನ ಹೆಸರಿನ ಭಾಗ ಮಾಡಿಬಿಟ್ಟಿದ್ದಾರೆ. ಆಧಾರಿನಲ್ಲಿ ನಾನು ರೆವರೆಂಡ್ ಅಲ್ಲ. ಹೆಸರು ತಾಳೆಯಾಗದೆ ಅರ್ಜಿ ವಾಪಸ್ಸು. ಸರಿಮಾಡಲು ನಾನು, ಸಂಸ್ಥೆ ಇಬ್ಬರೂ ಸೇರಿ ಜಂಟಿ ಘೋಷಣೆ ಕೊಡಬೇಕಾಯಿತು, ಸಂಸ್ಥೆಯವರು ಒಪ್ಪಬೇಕಾಯಿತು. ಹುದ್ದೆಯಲ್ಲಿರುವಾಗಲೇ ಇದನ್ನು ಮಾಡಿಸಿಕೊಂಡರೆ ಅರ್ಧ ದಿನದ ಕೆಲಸ, ಬಿಟ್ಟ ಮೇಲೆ ಕಾಡಿ ಬೇಡಿ ಮಾಡಿಸಬೇಕು. ಕೆಲಸ ಬಿಟ್ಟ ದಿನಾಂಕವನ್ನು ಪೋರ್ಟಲಿನಲ್ಲಿ ಹಾಕಿದ್ದಾರಾ ಅಂತಲೂ ನೋಡಿಕೊಳ್ಳಿ. ಹೊಸ ಕೆಲಸದಲ್ಲೂ ಪಿಎಫ್ ಇದ್ದರೆ ದುಡ್ಡು ತೆಗೆಯದೆ ಅಲ್ಲಿಗೇ ವರ್ಗಾಯಿಸಿ.

ಹೊಸ ಕೆಲಸ ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ. ವಾಸಿಯಾಗದ ಕಾಯಿಲೆಯವರ ಮತ್ತು ಅವರ ಮನೆಯವರ ಜೊತೆ ಮಾತಾಡುವ ಆಪ್ತಸಮಾಲೋಚಕ. ಸಂದರ್ಶನದಲ್ಲಿ ಬಿ.ಡಿ. ಅಂದರೆ ಏನು ಸ್ವಾಮಿ, ಬಿ.ಎಡ್. ಇರಬೇಕು ಅಂದರು. ಆ ಪದವಿ ಕೊಡುವುದು ಕೊಲ್ಕತ್ತ ಹತ್ತಿರದ ಸೆರಾಂಪುರ ಕಾಲೇಜು, ಅದಕ್ಕೆ 1827ರಲ್ಲಿ ಡೆನ್ಮಾರ್ಕಿನ ರಾಜ ಸನದು ಕೊಟ್ಟಿದ್ದ ಅಂತೆಲ್ಲ ಆ ಎಚ್‌ಆರ್ ಹುಡುಗಿಗೆ ಹೇಳಿ ಏನು ಪ್ರಯೋಜನ? ಕೊನೆಗೆ ಕೆಲಸಕ್ಕೆ ಬಂದದ್ದು ಕುವೆಂಪು ವಿಶ್ವವಿದ್ಯಾಲಯದ ನನ್ನ ಹಳೇ ಬಿ.ಎ. ಅದರ ಘಟಿಕೋತ್ಸವ ಪ್ರಮಾಣಪತ್ರ ನಾನು ತಗೊಂಡೇ ಇರಲಿಲ್ಲ. ಶಂಕರಘಟ್ಟಕ್ಕೆ ಓಡಾಡಿ ತಂದೆ. ಆಪ್ತಸಮಾಲೋಚನೆಯ ಒಂದು ಡಿಪ್ಲೊಮಾ ಮಾಡಿಕೊಳ್ಳುವ ಷರತ್ತಿನ ಮೇಲೆ ತೆಗೆದುಕೊಂಡಿದ್ದಾರೆ. ಸಂಬಳ ಮೊದಲಿಗಿಂತ ಸ್ವಲ್ಪ ಜಾಸ್ತಿ, ಆದರೆ ಈಗ ಮನೆ ಬಾಡಿಗೆ ಒಂಬತ್ತು ಸಾವಿರ. ಅಡ್ವಾನ್ಸ್ ಐವತ್ತು ಸಾವಿರ ಹೆಂಡತಿಯ ಬಳೆ ಅಡವಿಟ್ಟು ಕೊಟ್ಟದ್ದು. ಸಾಮಾನು ಸಾಗಿಸಲು ಟೆಂಪೊದವನು ನಮ್ಮ ಸಭೆಯವನೇ, ಡೀಸೆಲ್ ದುಡ್ಡು ಮಾತ್ರ ತಗೊಂಡ. ಬಿಡುವ ಯೋಚನೆ ಇರುವವರು ಕನಿಷ್ಠ ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಳ್ಳಿ. ನಮ್ಮಲ್ಲಿ ಅಷ್ಟಿರಲಿಲ್ಲ, ಹೆಂಡತಿಯ ಕೆಲಸ ಇತ್ತು.

ಬೀಳ್ಕೊಡುಗೆ ಚೆನ್ನಾಗಿ ಮಾಡಿದರು. ಶಾಲು, ಹಾರ, ಕಡುಬು, ಕೋಳಿ ಸಾರು. ಸಮಾಧಿ ಭೂಮಿಯ ವಿಷಯದಲ್ಲಿ ನನ್ನ ಜೀವ ತಿಂದವರೇ ಎಲ್ಲರಿಗಿಂತ ಉದ್ದ ಭಾಷಣ ಮಾಡಿದರು. ಎಲ್ಲ ಮುಗಿದ ಮೇಲೆ ಎಸ್ಟೇಟಿನ ಒಬ್ಬ ಅಜ್ಜಿ ಒಂದು ಸೇರಷ್ಟು ಕಾಳುಮೆಣಸು ಗಂಟು ಕಟ್ಟಿ ತಂದು ಕೈಗಿಟ್ಟಳು. "ನನ್ನ ಮಣ್ಣಿಗೆ ನೀವೇ ಬರ್ತೀರಿ ಅಂದ್ಕೊಂಡಿದ್ದೆ ಅಯ್ನೋರೆ" ಅಂದಳು. ಬರ್ತೀನಿ ಅಜ್ಜಿ ಅನ್ನುವ ಮಾತು ನಾಲಿಗೆ ತುದಿಗೆ ಬಂತು. ಹೇಳುವ ಹಾಗಿಲ್ಲ. ಬಿಟ್ಟು ಬಂದ ಸಭೆಯ ಮದುವೆ, ಮಣ್ಣಿಗೆ ಹೊಸ ಸಭಾಪಾಲಕರು ಕರೆಯದೆ ಹೋಗಬಾರದು. ಇದು ನಮ್ಮಲ್ಲಿ ಬರೆದಿಟ್ಟದ್ದಕ್ಕಿಂತ ದೊಡ್ಡ ನಿಯಮ. ಹೋದರೆ ಹೊಸದಾಗಿ ಬರುವ ಸಭಾಪಾಲಕರು ಅಲ್ಲಿ ಕಾಲೂರಲು ಆಗುವುದಿಲ್ಲ. "ಹೊಸಬರು ಒಳ್ಳೆಯವರು ಅಜ್ಜಿ, ನಿಮ್ಮ ವಿಷಯ ಹೇಳಿರ್ತೀನಿ" ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ. ಆ ದಿನ ನೋಟ್‌ಬುಕ್ಕಿನಲ್ಲಿ ಏನೂ ಬರೆದಿಲ್ಲ.

ಈಗ ಭಾನುವಾರ ಶಿವಮೊಗ್ಗದಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಪ್ರಸಂಗ ಉದ್ದವಾದರೆ ಗಡಿಯಾರ ನೋಡುತ್ತೇನೆ. ಮಗಳು ತಿವಿಯುತ್ತಾಳೆ. ಬಿಷಪ್ಪರ ಅನುಮತಿ ಇರುವುದರಿಂದ ಇಲ್ಲಿನ ಸಭಾಪಾಲಕರು ಕರೆದಾಗ ಕರ್ತಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ) ಸಹಾಯ ಮಾಡಬಹುದು, ಒಂದು ಸಲ ಮಾಡಿದೆ. ಆಸ್ಪತ್ರೆಯಲ್ಲಿ ಎಲ್ಲರೂ "ಸರ್" ಅನ್ನುತ್ತಾರೆ. ಮಂಡಿಯವರ ಪ್ರಶ್ನೆಗೆ ಉತ್ತರ ಇನ್ನೂ ಪೂರ್ತಿ ಸಿಕ್ಕಿಲ್ಲ. ಕೆಲವು ಬೆಳಿಗ್ಗೆ ಏನೂ ಆಗುವುದಿಲ್ಲ, ಕೆಲವು ಬೆಳಿಗ್ಗೆ ಆಗುತ್ತದೆ.

ಮೊನ್ನೆ ಹೊಸ ಸಭಾಪಾಲಕರು ಫೋನ್ ಮಾಡಿದ್ದರು. ಗ್ಯಾಸ್ ಕನೆಕ್ಷನ್ ಈಗಲೂ ನನಗಿಂತ ಹಿಂದಿನವರ ಹೆಸರಿನಲ್ಲಿದೆ. ಅವರು ತೀರಿಕೊಂಡಿದ್ದಾರೆ, ಸಿಲಿಂಡರಿನ ಕೋಡ್ ಹುಬ್ಬಳ್ಳಿಯಲ್ಲಿರುವ ಅವರ ಮಗನ ಮೊಬೈಲಿಗೆ ಹೋಗುತ್ತದೆ. ನಾನು ಅಷ್ಟು ವರ್ಷ ಅವನಿಗೇ ಫೋನ್ ಮಾಡಿ ಕೋಡ್ ಕೇಳಿಕೊಂಡು ಅನ್ನ ಬೇಯಿಸಿದ್ದೇನೆ. ನಂಬರ್ ಕೊಟ್ಟೆ. ಹಗಲು ಡ್ಯೂಟಿಯಲ್ಲಿರುತ್ತಾನೆ, ಸಂಜೆ ಆರರ ಮೇಲೆ ಮಾಡಿ ಅಂತ ಹೇಳಿದ್ದೇನೆ.